ಹೊಳಪು ಬಂದ ಮಾತ್ರಕ್ಕೆ ಬೆಂದಿಲ್ಲ

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ಪೌಡರ್ ಕೋಟಿಂಗ್ (ಬಣ್ಣದ ಪುಡಿಯನ್ನು ಗನ್‌ನಿಂದ ಲೋಹಕ್ಕೆ ಹೊಡೆದು, ಒವನ್‌ನಲ್ಲಿ ಬೇಯಿಸಿ ಗಟ್ಟಿ ಪದರ ಮಾಡುವ) ಕೆಲಸ ಮಾಡಿಕೊಂಡು ಬಂದವನು ನಾನು. ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ, ಬೇರೆ ಬೇರೆ ಕೈಬರಹದಲ್ಲಿ. ಹಾಗಾಗಿ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಗನ್ ಹೇಗೆ ಹಿಡಿಯಬೇಕು, ಪೌಡರ್ ಎಷ್ಟು ತುಂಬಬೇಕು ಅನ್ನುವುದೆಲ್ಲ ಗನ್ ಜೊತೆ ಬರುವ ಪುಸ್ತಕದಲ್ಲೇ ಇದೆ, ಓದಿಕೊಳ್ಳಿ.

ಪ್ರಶ್ನೆ: ನಾವು ಕಲಬುರಗಿಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು. ಸ್ಪರ್ಧೆಗೆಂದು ಎಟಿವಿ (ಕಲ್ಲು ಮಣ್ಣಿನ ದಾರಿಯಲ್ಲಿ ಓಡುವ ನಾಲ್ಕು ಚಕ್ರದ ಗಾಡಿ) ಕಟ್ಟಿದ್ದೇವೆ. ಚಕ್ರ ಹಿಡಿಯುವ ಎ-ಆರ್ಮ್, ಬಂಪರ್, ಫುಟ್‌ರೆಸ್ಟ್ ಎಲ್ಲವನ್ನೂ ಮನೆಯಲ್ಲೇ ಹಳೆಯ ಒವನ್‌ನಲ್ಲಿ ಪೌಡರ್ ಕೋಟಿಂಗ್ ಮಾಡಿದೆವು. ಪ್ಯಾಕೆಟ್ ಮೇಲೆ ಬರೆದಂತೆ 200 ಡಿಗ್ರಿ, 10 ನಿಮಿಷ. ಒಳ್ಳೆ ಹೊಳಪು ಬಂತು. ಎರೆಮಣ್ಣಿನಲ್ಲಿ ಗಾಡಿ ಓಡಿಸಿದ ಎರಡೇ ವಾರಕ್ಕೆ ಎ-ಆರ್ಮ್‌ನ ದಪ್ಪ ಪ್ಲೇಟ್ ಹತ್ತಿರ ಚೂರು ಚೂರಾಗಿ ಎದ್ದಿದೆ. ಪೈಪಿನ ಮೇಲೆ ಮಾತ್ರ ಗಟ್ಟಿಯಾಗಿದೆ. ಪೌಡರ್ ಕಳಪೆ ಇರಬಹುದೇ?

ಪೌಡರ್ ಮೇಲೆ ತಪ್ಪು ಹೊರಿಸಬೇಡಿ. ಪೈಪಿನ ಮೇಲೆ ನಿಂತ ಪೌಡರ್, ಪ್ಲೇಟ್ ಮೇಲೆ ಎದ್ದ ಪೌಡರ್ ಎರಡೂ ಒಂದೇ ಡಬ್ಬಿಯದು ಅಲ್ವಾ? ಪೈಪು ತೆಳು, ಬೇಗ ಕಾಯುತ್ತದೆ. ಪ್ಲೇಟ್ ದಪ್ಪ, ನಿಧಾನಕ್ಕೆ ಕಾಯುತ್ತದೆ. ಪ್ಯಾಕೆಟ್ ಮೇಲಿನ 10 ನಿಮಿಷ ಒವನ್ ಬಾಗಿಲು ಮುಚ್ಚಿದಾಗಿನಿಂದ ಅಲ್ಲ. ಕಬ್ಬಿಣ 200 ಡಿಗ್ರಿ ಮುಟ್ಟಿದ ಮೇಲೆ 10 ನಿಮಿಷ. ಒವನ್‌ನ ಮುಳ್ಳು ತೋರಿಸುವುದು ಗಾಳಿಯ ಬಿಸಿ. ನಿಮ್ಮ ಪೈಪು ಹೇಗೋ ಬೆಂದಿದೆ, ಪ್ಲೇಟ್ ಹಸಿಯಾಗಿಯೇ ಹೊರಗೆ ಬಂದಿದೆ.

ಹೊಳಪು ನೋಡಿ ಮೋಸ ಹೋಗಬೇಡಿ. ಪೌಡರ್ ಮೊದಲು ಕರಗಿ ಹರಡುತ್ತದೆ. ಕಣ್ಣಿಗೆ ಕೆಲಸ ಮುಗಿದಂತೆ ಕಾಣುವುದು ಆಗಲೇ. ಆದರೆ ಒಳಗಿನ ರಾಳ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುವುದು ಆಮೇಲೆ. ದಪ್ಪ ತಟ್ಟಿದ ಜೋಳದ ರೊಟ್ಟಿ ಮೇಲೆ ಕೆಂಪಗಾಗಿ ಒಳಗೆ ಹಿಟ್ಟು ಹಿಟ್ಟಾಗಿರುತ್ತದಲ್ಲ, ಹಾಗೆ. ಹಸಿ ಪದರ ಪೆಡಸಾಗಿರುತ್ತದೆ. ಒಂದು ಕಲ್ಲು ಸಿಡಿದರೆ ಸಾಕು, ಚೂರು ಏಳುತ್ತದೆ. ಎಟಿವಿಗೆ ಕಲ್ಲು ಸಿಡಿಯದ ದಿನ ಇದೆಯೇ?

ಪರಿಹಾರ ದುಬಾರಿಯಲ್ಲ. ಕೆ-ಟೈಪ್ ಥರ್ಮೋಕಪಲ್ (ತುದಿ ಮುಟ್ಟಿದ ಜಾಗದ ಬಿಸಿ ಅಳೆಯುವ ತಂತಿ) ಇರುವ ಮೀಟರ್ ತನ್ನಿ. ಅದರ ತಂತಿಯ ತುದಿಯನ್ನು ಅತಿ ದಪ್ಪ ಜಾಗಕ್ಕೆ, ಕಾಣದ ಬದಿಯಲ್ಲಿ, ಬೇರೆ ತಂತಿ ಸುತ್ತಿ ಬಿಗಿಯಿರಿ. ಅದು 200 ತೋರಿಸಿದ ಮೇಲೆ ಗಡಿಯಾರ ನೋಡಿ. ನನ್ನ ಒವನ್‌ನಲ್ಲಿ ಇಂಥ ಪ್ಲೇಟ್ ಬಿಸಿ ಹಿಡಿಯಲಿಕ್ಕೇ 20-25 ನಿಮಿಷ ಬೇಕು, ಬೇಯುವ 10 ನಿಮಿಷ ಅದರ ಮೇಲೆ. ನಿಮ್ಮ ಒವನ್‌ನದ್ದು ಬೇರೆ ಇರುತ್ತದೆ, ಅಳೆದೇ ನೋಡಬೇಕು. ಬಿಸಿ ಅಳೆಯಲು ಹಣೆಗೆ ಹಿಡಿಯುವ ಥರದ ಲೇಸರ್ ಗನ್ ಹೊಳೆಯುವ ಲೋಹದ ಮೇಲೆ ತಪ್ಪು ತೋರಿಸುತ್ತದೆ. ಅದನ್ನು ನಂಬಿ ಕೆಲಸ ಹಾಳು ಮಾಡಿಕೊಂಡವರು ನನ್ನ ಬಳಿ ಎಷ್ಟೋ ಜನ ಬಂದಿದ್ದಾರೆ.

ಬೆಂದಿದೆಯೋ ಇಲ್ಲವೋ ನೋಡಲು, ತುಂಡು ಪೂರ್ತಿ ತಣ್ಣಗಾದ ಮೇಲೆ ಹತ್ತಿಯನ್ನು ಎಂಇಕೆ (ಮೀಥೈಲ್ ಈಥೈಲ್ ಕೀಟೋನ್) ಎಂಬ ದ್ರಾವಕದಲ್ಲಿ ಅದ್ದಿ ಕಾಣದ ಜಾಗದಲ್ಲಿ 30 ಸಲ ಉಜ್ಜಿ. ಬಣ್ಣ ಹತ್ತಿಗೆ ದಟ್ಟವಾಗಿ ಬಂದು ಪದರ ಮೆತ್ತಗಾದರೆ ಹಸಿ. ಸ್ವಲ್ಪ ಮಂಕಾದರೆ ಚಿಂತೆಯಿಲ್ಲ. ಇನ್ನೂ ಎದ್ದಿಲ್ಲದ ತುಂಡುಗಳನ್ನು ಚೆನ್ನಾಗಿ ಒರೆಸಿ ಮತ್ತೆ ಬೇಯಿಸಿ ನೋಡಬಹುದು. ಎದ್ದ ತುಂಡಿನ ಮೇಲೆ ಮತ್ತೆ ಪೌಡರ್ ಹೊಡೆಯುವುದು ದಂಡ. ಪೂರ್ತಿ ಬ್ಲಾಸ್ಟ್ ಮಾಡಿಸಿ (ಒತ್ತಡದ ಗಾಳಿಯಲ್ಲಿ ಮರಳಿನಂಥ ಕಣ ಹೊಡೆಸಿ) ತೆಗೆಯಿರಿ.

ತೆಗೆದ ಮೇಲೆ ಬೆಸುಗೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ. ನನಗೆ ಭಯ ಇರುವುದು ಇಲ್ಲೇ. ಎ-ಆರ್ಮ್ ಅಂದರೆ ಚಕ್ರ ಹಿಡಿದಿರುವ ಕೈ. 60-80 ಮೈಕ್ರಾನ್ ಪದರದ ಕೆಳಗೆ ಕೂದಲೆಳೆಯ ಬಿರುಕು ಅಡಗಿ ಕೂರುತ್ತದೆ. ಬಿರುಕು ಕಂಡ ಆರ್ಮ್‌ಗೆ ನಾನು ಪೌಡರ್ ಹೊಡೆಯುವುದಿಲ್ಲ, ಎಷ್ಟು ದುಡ್ಡು ಕೊಟ್ಟರೂ.

ಇನ್ನೊಂದು. ಎರೆಮಣ್ಣಿನಲ್ಲಿ ಓಡಿಸಿದ ಗಾಡಿ ಅಂತ ಬರೆದಿದ್ದೀರಿ. ಪೈಪಿನ ಸಂದಿಯಲ್ಲಿ ಮಣ್ಣು, ಎಣ್ಣೆ ಹೊಕ್ಕಿರುತ್ತವೆ. ಬಿಸಿಗೆ ಅವು ಹೊರಬಂದು ಗುಳ್ಳೆ ಎಬ್ಬಿಸುತ್ತವೆ. ಪೌಡರ್ ಹೊಡೆಯುವ ಮೊದಲು ಖಾಲಿ ತುಂಡನ್ನೇ ಒಮ್ಮೆ ಬೇಯಿಸುವ ಬಿಸಿಗಿಂತ ಸ್ವಲ್ಪ ಜಾಸ್ತಿ ಕಾಯಿಸಿ ತಣ್ಣಗೆ ಮಾಡಿ, ಒರೆಸಿ. ಡೀಸೆಲ್‌ನಲ್ಲಿ ತೊಳೆಯಬೇಡಿ. ಅದು ಬಿಡುವ ಜಿಡ್ಡಿನ ಮೇಲೆ ಯಾವ ಪೌಡರೂ ನಿಲ್ಲುವುದಿಲ್ಲ. ಬ್ಲಾಸ್ಟ್ ಆದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಅದೇ ದಿನ ಕೋಟಿಂಗ್ ಮುಗಿಸಿ. ಆ ಒವನ್‌ನಲ್ಲಿ ಇನ್ನು ಮುಂದೆ ಅಡುಗೆ ಬೇಡ, ಎಂದಿಗೂ.

ಪ್ರಶ್ನೆ: ಹಳೆ ಬೀರುವಿನ ಕೆಳಗೆ ಗ್ಯಾಸ್ ಒಲೆ ಇಟ್ಟು ಒವನ್ ಮಾಡಿಕೊಡುತ್ತೇನೆ ಅಂತ ಒಬ್ಬ ವೆಲ್ಡರ್ ಹೇಳುತ್ತಾನೆ. ಪೌಡರ್ ಅಂಟಲು ತುಂಡಿಗೆ ಬೇಕಾದ ಅರ್ಥಿಂಗ್‌ಗೆ ನ್ಯೂಟ್ರಲ್ ತಂತಿ ಸಾಕಂತೆ. (ಬೀದರ್)

ಎರಡೂ ಸಾವಿನ ಮಾತು. ಗಾಳಿಯಲ್ಲಿ ತೇಲುವ ಪೌಡರ್ ದೂಳು ಬೆಂಕಿ ಹಿಡಿಯುತ್ತದೆ, ಮುಚ್ಚಿದ ಕೋಣೆಯಲ್ಲಿ ಸ್ಫೋಟವೇ ಆಗುತ್ತದೆ. ತೆರೆದ ಜ್ವಾಲೆ ಇರುವ ಕೋಣೆಯಲ್ಲಿ ಪೌಡರ್ ಹೊಡೆಯಲೇಬೇಡಿ. ನ್ಯೂಟ್ರಲ್‌ಗೆ ಜೋಡಿಸಿದರೆ, ಎಲ್ಲೋ ಒಂದು ತಂತಿ ಬಿಟ್ಟ ದಿನ ತುಂಡು, ಕೊಕ್ಕೆ, ಸ್ಟ್ಯಾಂಡ್ ಎಲ್ಲಕ್ಕೂ ಕರೆಂಟ್ ಬರುತ್ತದೆ. ಬೇರೆಯೇ ಅರ್ಥ್ ಗುಂಡಿ ತೋಡಿಸಿ. ಬೇಸಿಗೆಯಲ್ಲಿ ನೆಲ ಒಣಗಿ ಬಿರುಕು ಬಿಟ್ಟಾಗ ಅದಕ್ಕೆ ನೀರು ಹಾಕುತ್ತಿರಿ. ತುಂಡು ತೂಗುವ ಕೊಕ್ಕೆಯ ಮೇಲೆ ಹಳೆ ಪೌಡರ್ ಕಟ್ಟಿದ್ದರೆ ಕೆರೆದು ತೆಗೆಯಿರಿ, ಇಲ್ಲವಾದರೆ ಅರ್ಥ್ ಇದ್ದೂ ಇಲ್ಲದಂತೆ. ಗನ್ ಹಿಡಿಯುವ ಕೈಗೆ ರಬ್ಬರ್ ಗ್ಲೌಸ್ ಬೇಡ.

ಪ್ರಶ್ನೆ: ಶಾಕ್ ಅಬ್ಸಾರ್ಬರ್ ಬಿಚ್ಚದೆ ಹಾಗೇ ಒವನ್‌ಗೆ ಹಾಕಬಹುದೇ?

ಬೇಡ. ಒಳಗೆ ಎಣ್ಣೆ ಇದೆ, ಕೆಲವದರಲ್ಲಿ ಒತ್ತಡದ ಗ್ಯಾಸ್ ಇದೆ. ನಾನು ಕೆಲಸ ಕಲಿಯುತ್ತಿದ್ದ ಅಂಗಡಿಯಲ್ಲಿ ಒಬ್ಬ ಹುಡುಗ ಹಾಗೇ ಹಾಕಿದ್ದ. ಒವನ್ ಬಾಗಿಲು ಹಾರಿ ಎದುರು ಗೋಡೆಗೆ ಬಡಿಯಿತು. ಅವನು ಅದೇ ಗಳಿಗೆ ನೀರು ಕುಡಿಯಲು ಹೋಗಿದ್ದ, ಉಳಿದ. ಬೇರಿಂಗ್, ರಬ್ಬರ್ ಬುಶ್, ಬಾಲ್ ಜಾಯಿಂಟ್ ಕೂಡ ತೆಗೆದೇ ಹಾಕಿ.

ಪ್ರಶ್ನೆ: ಅಂಗಡಿಯಲ್ಲಿ ಪೌಡರ್ ಕೋಟಿಂಗ್ ಸ್ಪ್ರೇ ಡಬ್ಬಿ ಸಿಗುತ್ತದೆ, ಬೇಯಿಸುವುದೇ ಬೇಡವಂತೆ. (ಯಾದಗಿರಿ)

ಅದು ಬಣ್ಣ. ಹೆಸರು ಮಾತ್ರ ಪೌಡರ್.

ಪ್ರಶ್ನೆ: ಸೈಲೆನ್ಸರ್‌ಗೆ?

ಸಾಮಾನ್ಯ ಪೌಡರ್ ಸುಟ್ಟು ಹೋಗುತ್ತದೆ. ಹೆಚ್ಚು ಬಿಸಿ ತಡೆಯುವ ಸಿಲಿಕೋನ್ ಪೌಡರ್ ಬೇರೆ ಇದೆ, ಅದನ್ನೇ ಕೇಳಿ ತನ್ನಿ.

ಪ್ರಶ್ನೆ: ನಮ್ಮೂರ ಮೇ ತಿಂಗಳ ಬಿಸಿಲಿಗೆ ಇಟ್ಟರೆ ಬೇಯುವುದಿಲ್ಲವೇ?

ಬಿಸಿಲು 44 ಡಿಗ್ರಿ ಇರಬಹುದು, ಪೌಡರ್‌ಗೆ ಬೇಕಿರುವುದು 180ರಿಂದ 200. ಆ ಬಿಸಿಲು ಮಾಡುವುದು ಒಂದೇ ಕೆಲಸ: ತಗಡಿನ ಶೆಡ್‌ನಲ್ಲಿಟ್ಟ ಪೌಡರ್ ಡಬ್ಬಿ ಗಂಟು ಕಟ್ಟುತ್ತದೆ. ಡಬ್ಬಿಯನ್ನು ಮನೆಯೊಳಗೆ, ತಂಪಾದ ಒಣ ಜಾಗದಲ್ಲಿ ಇಡಿ.