ಹೆವಿ ಲೈಸೆನ್ಸ್ ಬಂತು, ಘಟ್ಟ ಇಳಿಯಲು ಕೈ ನಡುಗುತ್ತಿದೆ

ಪ್ರಶ್ನೆ: ನನಗೆ 23 ವರ್ಷ. ಹಾವೇರಿ ಜಿಲ್ಲೆಯ ಹಳ್ಳಿಯವನು. ಪಿಯುಸಿ ಆದ ಮೇಲೆ ಟಾಟಾ ಏಸ್ ಓಡಿಸುತ್ತಿದ್ದೆ. ಅಪ್ಪ ಸಂಘದಲ್ಲಿ ಸಾಲ ಎತ್ತಿ ಹೆವಿ ಡ್ರೈವಿಂಗ್ ಕಲಿಸಿದರು. ಹೋದ ತಿಂಗಳು ಲೈಸೆನ್ಸ್ ಕೈಗೆ ಬಂತು. ಅನುಭವ ಇಲ್ಲ ಅಂತ ಎಲ್ಲ ಕಡೆ ವಾಪಸ್ ಕಳಿಸಿದರು. ಈಗ ಅಪ್ಪನ ಪರಿಚಯದ ಮಾಲೀಕರೊಬ್ಬರು ಹತ್ತು ಚಕ್ರದ ಲಾರಿ ಕೊಡುತ್ತೇನೆ ಅಂದಿದ್ದಾರೆ. ರಾಣೆಬೆನ್ನೂರಿನಿಂದ ಮೆಕ್ಕೆಜೋಳ ತುಂಬಿ, ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಮಂಗಳೂರಿಗೆ. ಕ್ಲೀನರ್ ಇಲ್ಲ, ಒಬ್ಬನೇ ಹೋಗಬೇಕು. ‘ಎರಡು ಮೂರು ಟನ್ ಜಾಸ್ತಿ ಇರುತ್ತೆ, ಎಲ್ಲರೂ ಹಂಗೇ ಓಡಿಸೋದು’ ಅಂದರು. ಐವತ್ತು ಸಾವಿರ ಮುಂಗಡ ಕೊಡುತ್ತಾರಂತೆ. ಕಲಿಯುವಾಗ ಮಾಮನ ಲೋಡ್ ಲಾರಿಯಲ್ಲಿ ಅದೇ ಘಟ್ಟ ಇಳಿಯಲು ಕೂತಿದ್ದೆ. ಕೈ ನಡುಗಿ ಅರ್ಧದಲ್ಲೇ ಸ್ಟೇರಿಂಗ್ ಮಾಮನಿಗೆ ಬಿಟ್ಟುಕೊಟ್ಟೆ. ಈಗ ರಾತ್ರಿ ನಿದ್ದೆ ಇಲ್ಲ. ಗೆಳೆಯರು ನಗುತ್ತಾರೆ ಅಂತ ಯಾರಿಗೂ ಹೇಳಿಲ್ಲ. ಅವ್ವನಿಗೆ ಗೊತ್ತಾದರೆ ಕೆಲಸವನ್ನೇ ಬಿಡಿಸುತ್ತಾಳೆ. ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲವೇ?

ಉತ್ತರ: ಲಾಯಕ್ಕಿದ್ದೀರಿ. ಆದರೆ ಈ ಲೋಡಿಗೆ, ಈ ದಾರಿಗೆ, ಒಬ್ಬರೇ ಹೋಗುವುದಕ್ಕೆ ಇನ್ನೂ ತಯಾರಾಗಿಲ್ಲ. ಮಾಲೀಕರಿಗೆ ಈಗ ‘ಬೇಡ’ ಅನ್ನಿ. ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಕೇಳಿ.

ನೀವು ಕಲಿತದ್ದು ಖಾಲಿ ಲಾರಿಯಲ್ಲಿ. ಡ್ರೈವಿಂಗ್ ಸ್ಕೂಲಿನ ಗಾಡಿ ಖಾಲಿ ಇರುತ್ತದೆ, ಆರ್‌ಟಿಒ ಮುಂದೆ ಎಂಟು ಬರೆದು ತೋರಿಸುವ ಗಾಡಿಯೂ ಖಾಲಿಯೇ. ಮೈದಾನದಲ್ಲಿ ರಿವರ್ಸ್ ಹಾಕಿ ಪಾಸಾಗಿ ಬಂದ ಹುಡುಗನ ಕೈಗೆ ಒಮ್ಮೆಲೇ 28 ಟನ್ ದಾಟಿದ ಗಾಡಿ ಕೊಟ್ಟು ಘಟ್ಟ ಇಳಿಸು ಅಂದರೆ, ಅವನು ಓಡಿಸುವುದು ತಾನು ಎಂದೂ ಕಲಿಯದ ವಾಹನವನ್ನು. ಲೋಡ್ ಗಾಡಿ ತಡವಾಗಿ ನಿಲ್ಲುತ್ತದೆ, ತಿರುವಿನಲ್ಲಿ ಹೊರಕ್ಕೆ ಎಳೆಯುತ್ತದೆ, ಇಳಿಜಾರಿನಲ್ಲಿ ತಾನಾಗಿಯೇ ವೇಗ ಏರಿಸಿಕೊಳ್ಳುತ್ತದೆ. ಅವತ್ತು ಅರಬೈಲ್‌ನಲ್ಲಿ ನಿಮ್ಮ ಕೈಗೆ ಗೊತ್ತಾದದ್ದು ಇದೇ. ನಡುಗಿದ್ದು ಸರಿ, ಸ್ಟೇರಿಂಗ್ ಬಿಟ್ಟುಕೊಟ್ಟದ್ದು ಇನ್ನೂ ಸರಿ. ಮಾನ ಹೋಗುತ್ತದೆ ಅಂತ ಹಲ್ಲು ಕಚ್ಚಿ ಕೂತಿದ್ದರೆ ನನಗೆ ನಿಮ್ಮ ಬಗ್ಗೆ ಹೆಚ್ಚು ಚಿಂತೆ ಆಗುತ್ತಿತ್ತು.

ಘಟ್ಟದ ಹೆದರಿಕೆಗೆ ಧೈರ್ಯ ತಂದುಕೋ ಅಂತ ಹೇಳಿದರೆ ಪ್ರಯೋಜನವಿಲ್ಲ. ಅದು ಹೋಗುವುದು ಕೆಲಸ ಗೊತ್ತಾದಾಗ. ಹಳೆಯ ಡ್ರೈವರ್‌ಗಳು ಹೇಳುವ ಮಾತು ನೀವೂ ಕೇಳಿರುತ್ತೀರಿ: ಯಾವ ಗೇರಿನಲ್ಲಿ ಏರುತ್ತೀಯೋ ಅದೇ ಗೇರಿನಲ್ಲಿ ಇಳಿ. ಆ ಗೇರನ್ನು ಇಳಿಜಾರು ಶುರುವಾಗುವ ಮೊದಲೇ, ಮೇಲೆಯೇ ಹಾಕಿಕೊಳ್ಳಬೇಕು. ವೇಗ ಹಿಡಿದ ಮೇಲೆ ಕೆಳಗಿನ ಗೇರಿಗೆ ತರಲು ಹೋದರೆ ಗೇರ್ ಕೂರದೆ ಗಾಡಿ ನ್ಯೂಟ್ರಲ್‌ನಲ್ಲೇ ಉಳಿದುಬಿಡಬಹುದು. ಆಗ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಇಳಿಯುವಾಗ ಗಾಡಿಯನ್ನು ಹಿಡಿದಿಡಬೇಕಾದದ್ದು ಇಂಜಿನ್ ಮತ್ತು ಎಕ್ಸಾಸ್ಟ್ ಬ್ರೇಕ್ (ಹೊಗೆ ಹೋಗುವ ದಾರಿಯನ್ನು ತಡೆದು ಇಂಜಿನ್ ಮೂಲಕವೇ ವೇಗ ಇಳಿಸುವ ಬ್ರೇಕ್). ಕಾಲಿನ ಬ್ರೇಕ್ ಆಗೊಮ್ಮೆ ಈಗೊಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಬಿಡುವುದಕ್ಕೆ. ಉದ್ದಕ್ಕೂ ಅದರ ಮೇಲೆ ಕಾಲಿಟ್ಟುಕೊಂಡು ಬಂದರೆ ಚಕ್ರದೊಳಗಿನ ಬ್ರೇಕ್ ಡ್ರಮ್ ಬಿಸಿಯೇರುತ್ತದೆ, ಅದಕ್ಕೆ ಒತ್ತುವ ಲೈನರ್ ಸುಟ್ಟ ವಾಸನೆ ಬರುತ್ತದೆ, ಆಮೇಲೆ ಎಷ್ಟು ತುಳಿದರೂ ಹಿಡಿತ ಸಿಗುವುದಿಲ್ಲ. ಪದೇ ಪದೇ ಪಂಪ್ ಮಾಡಿದರೆ ಬ್ರೇಕ್ ಹಿಡಿಸುವ ಗಾಳಿಯ ಒತ್ತಡ ಇಳಿಯುತ್ತದೆ, ಅದಕ್ಕೇ ಗೇಜಿನ ಮುಳ್ಳಿನ ಮೇಲೆ ಒಂದು ಕಣ್ಣು ಇರಲೇಬೇಕು. ವಾಸನೆ ಬಂತು ಅಂದರೆ ಜಾಗ ನೋಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಡ್ರಮ್ ತಾನಾಗಿ ಆರುವವರೆಗೆ ಕಾಯಬೇಕು. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ. ಡೀಸೆಲ್ ಉಳಿಯುತ್ತೆ ಅಂತ ಇಳಿಜಾರಿನಲ್ಲಿ ನ್ಯೂಟ್ರಲ್ ಬಿಡುವವರನ್ನು ಮಾತ್ರ ಗುರು ಅಂತ ಒಪ್ಪಿಕೊಳ್ಳಬೇಡಿ.

ಇದನ್ನೆಲ್ಲ ಓದಿದರೆ ಬರುವುದಿಲ್ಲ. ಪಕ್ಕದಲ್ಲಿ ಗೊತ್ತಿರುವವರು ಕೂತಿರಬೇಕು, ಸ್ಟೇರಿಂಗ್ ನಿಮ್ಮ ಕೈಯಲ್ಲಿರಬೇಕು, ‘ಈಗ ಗೇರ್ ಇಳಿಸು’ ಅಂತ ಅವರು ಹೇಳಬೇಕು. ಅದಕ್ಕೇ ನಾನು ಹೇಳುವುದು: ಒಂದಷ್ಟು ತಿಂಗಳು ಸೆಕೆಂಡ್ ಡ್ರೈವರ್ ಆಗಿ ಹೋಗಿ. ಬತ್ತಾ ಕಡಿಮೆ ಬರುತ್ತದೆ, ಟಾಟಾ ಏಸ್‌ನಲ್ಲಿ ದುಡಿದದ್ದಕ್ಕಿಂತ ಕಡಿಮೆಯೂ ಆಗಬಹುದು. ಅಪ್ಪನ ಸಾಲದ ಕಂತು ಇರುವಾಗ ಇದು ಹೇಳಿದಷ್ಟು ಸುಲಭವಲ್ಲ ಅಂತ ನನಗೆ ಗೊತ್ತು. ಆದರೂ ಹೇಳುತ್ತೇನೆ. ನಿಮ್ಮ ಮಾಮ ಇದ್ದಾರಲ್ಲ, ಮೊದಲು ಅವರನ್ನೇ ಕೇಳಿ. ಅರ್ಧ ಘಟ್ಟದಲ್ಲಿ ಸ್ಟೇರಿಂಗ್ ತೆಗೆದುಕೊಂಡವರು ನಿಮ್ಮನ್ನು ನೋಡಿ ನಗುವವರಲ್ಲ.

ಈ ಮಾಲೀಕರ ಹತ್ತಿರವೇ ಕೆಲಸ ಬೇಕು ಅನ್ನಿಸಿದರೆ ಹೀಗೆ ಮಾತಾಡಿ ನೋಡಿ: ‘ಅಣ್ಣಾ, ಲೈಸೆನ್ಸ್ ಹೊಸದು, ಲೋಡ್ ಗಾಡಿಯಲ್ಲಿ ಘಟ್ಟ ಇಳಿದು ರೂಢಿ ಇಲ್ಲ. ಸದ್ಯಕ್ಕೆ ದಾವಣಗೆರೆ, ತುಮಕೂರು, ಬೆಂಗಳೂರು ಲೈನ್ ಕೊಡ್ರಿ. ಘಟ್ಟಕ್ಕೆ ಹಳೆ ಡ್ರೈವರ್ ಜೊತೆ ಕಳಿಸ್ರಿ.’ ನಾಲ್ಕು ಪಥದ ಹೆದ್ದಾರಿಯಲ್ಲಿ ಲೋಡ್ ಗಾಡಿಯ ತೂಕ ಕೈಗೆ ಹತ್ತುತ್ತದೆ. ಹೆವಿ ಡ್ರೈವರ್ ಸಿಗುವುದೇ ಕಷ್ಟ ಅಂತ ಮಾಲೀಕರೆಲ್ಲ ಹೇಳುತ್ತಿರುವ ಕಾಲ ಇದು. ತನ್ನ ಮಿತಿ ತಾನೇ ಹೇಳುವ ಹುಡುಗನನ್ನು ವಿವೇಕ ಇರುವ ಮಾಲೀಕ ಕಳೆದುಕೊಳ್ಳುವುದಿಲ್ಲ. ‘ಹೆದರುಪುಕ್ಕಲ, ಹೋಗು’ ಅಂದರೆ ಆ ಲಾರಿ ನಿಮಗೆ ಬೇಡ.

ಹೆಚ್ಚುವರಿ ಟನ್ನಿನ ವಿಷಯದಲ್ಲಿ ನನ್ನ ಮಾತು ಸ್ವಲ್ಪ ಬಿರುಸಾಗುತ್ತದೆ, ತಪ್ಪು ತಿಳಿಯಬೇಡಿ. ಹತ್ತು ಚಕ್ರದ ಲಾರಿಗೆ ಗಾಡಿ ಮತ್ತು ಸರಕು ಸೇರಿ 28.5 ಟನ್ ಗರಿಷ್ಠ ಮಿತಿ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ ಓವರ್‌ಲೋಡ್‌ಗೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000. ಓಡಿಸಲು ಬಿಟ್ಟವರಷ್ಟೇ ಅಲ್ಲ, ಓಡಿಸಿದವರೂ ಕಾನೂನಿನ ಕಣ್ಣಲ್ಲಿ ತಪ್ಪಿತಸ್ಥರೇ. ದಂಡವನ್ನು ಮಾಲೀಕರು ಕಟ್ಟಿಯಾರು, ಘಟ್ಟದಲ್ಲಿ ಆ ಮೂರು ಟನ್ನನ್ನು ತಡೆಯಬೇಕಾದದ್ದು ನಿಮ್ಮ ಕಾಲು. ಲೋಡ್ ಆದ ಕೂಡಲೇ ವೇ ಬ್ರಿಡ್ಜ್‌ನ (ಲಾರಿ ತೂಗುವ ಕಾಟಾ) ಚೀಟಿ ಕೈಯಲ್ಲಿ ಹಿಡಿದು ಓದಿಕೊಳ್ಳಿ. ಸರಕಿನ ಮೇಲೆ ಜನರನ್ನು ಕೂರಿಸಿಕೊಳ್ಳಿ ಅಂತ ಯಾರೇ ಹೇಳಿದರೂ ಬೇಡ. 2025ರ ಜನವರಿಯಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟ ಹಣ್ಣು ತರಕಾರಿ ವ್ಯಾಪಾರಿಗಳು ಇದೇ ಯಲ್ಲಾಪುರದ ದಾರಿಯಲ್ಲಿ ಲಾರಿ ಕಣಿವೆಗೆ ಉರುಳಿ ಹತ್ತು ಮಂದಿ ತೀರಿಕೊಂಡರು. ನಿಮ್ಮದೇ ಜಿಲ್ಲೆಯವರು. ಲೋಡಿನ ಮೇಲೆ ಕೂತು ಹೋಗುತ್ತಿದ್ದವರು.

ಮುಂಗಡ ತೆಗೆದುಕೊಳ್ಳಬೇಡಿ. ಐವತ್ತು ಸಾವಿರ ಈಗ ದೊಡ್ಡದಾಗಿ ಕಾಣುತ್ತದೆ. ಒಮ್ಮೆ ತೆಗೆದುಕೊಂಡರೆ ‘ಇವತ್ತು ಕಣ್ಣು ಎಳೀತಿದೆ, ಬೆಳಗ್ಗೆ ಹೊರಡ್ತೀನಿ’ ಅನ್ನಲು ಬಾಯಿ ಬರುವುದಿಲ್ಲ. ಈ ಕೆಲಸದಲ್ಲಿ ಆ ಮಾತು ಹೇಳಲು ಆಗಲೇಬೇಕು. ರಾತ್ರಿ ಎರಡರಿಂದ ಐದರವರೆಗಿನ ನಿದ್ದೆಯನ್ನು ಚಹಾ ಗೆಲ್ಲುವುದಿಲ್ಲ, ಯಾರೋ ಡಾಬಾದಲ್ಲಿ ಕೊಡುವ ಗುಳಿಗೆಯಂತೂ ಮುಟ್ಟಲೇಬೇಡಿ. ಹಾಗೆಯೇ ಲೈಸೆನ್ಸಿನ ಅಸಲು ಪ್ರತಿಯನ್ನು ಮಾಲೀಕರ ಕೈಗೆ ಕೊಟ್ಟಿಡಬೇಡಿ, ಜೆರಾಕ್ಸ್ ಸಾಕು. ಗಾಡಿಯ ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್), ಪರ್ಮಿಟ್, ಇನ್ಶೂರೆನ್ಸ್ ಚಾಲ್ತಿಯಲ್ಲಿವೆಯೇ, ಇನ್ಶೂರೆನ್ಸ್‌ನಲ್ಲಿ ಡ್ರೈವರ್‌ಗೂ ಸೇರಿಸಿ ಕಟ್ಟಿದ್ದಾರೆಯೇ ಅಂತ ಕೇಳಿ ನೋಡಿಕೊಳ್ಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಸುಮ್ಮನಿರಬೇಡಿ.

ನೀವು ಬರೆಯದಿದ್ದರೂ ನಿದ್ದೆಗೆಡಿಸುತ್ತಿರುವ ಇನ್ನೊಂದು ಯೋಚನೆ ಇರಬಹುದು: ಏನಾದರೂ ಆಗಿಬಿಟ್ಟರೆ? ಅಪಘಾತವಾದರೆ ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸುವುದು ಡ್ರೈವರ್‌ನ ಕರ್ತವ್ಯ ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 134ನೇ ಕಲಂ. ಜನ ರೊಚ್ಚಿಗೆದ್ದು ಅಲ್ಲಿ ನಿಲ್ಲಲು ಸಾಧ್ಯವೇ ಇಲ್ಲದ ಪರಿಸ್ಥಿತಿಗೆ ಅದರಲ್ಲೇ ವಿನಾಯಿತಿ ಇದೆ. ಅಂಥ ಹೊತ್ತಿನಲ್ಲಿ ಜೀವ ಉಳಿಸಿಕೊಂಡು 112ಕ್ಕೆ ಕರೆ ಮಾಡಿ, ನೇರ ಹತ್ತಿರದ ಪೊಲೀಸ್ ಠಾಣೆಗೆ ಹೋಗಿ ನಡೆದದ್ದು ಹೇಳಬೇಕು. ಫೋನ್ ಆಫ್ ಮಾಡಿ ಊರು ಸೇರಿಕೊಳ್ಳುವುದು ಮಾತ್ರ ಎಲ್ಲವನ್ನೂ ಕೆಡಿಸುತ್ತದೆ.

ಇನ್ನು ಅವ್ವ. ಘಟ್ಟದಲ್ಲಿ ಕೈ ನಡುಗಿದ್ದನ್ನು ಅವರಿಂದ ಮುಚ್ಚಿಡಬೇಡಿ. ಬರೀ ‘ಹೆದರಿಕೆ ಆಗ್ತದ’ ಅಂತ ಹೇಳಿದರೆ ಅವರು ಬಿಡಿಸಿಯೇ ಬಿಡುತ್ತಾರೆ. ‘ಒಬ್ಬನೇ ಹೋಗಾಂಗಿಲ್ಲ ಅಂದೀನಿ, ಮಾಮನ ಕೂಡ ಹೋಗಿ ಕಲಿತೀನಿ’ ಅಂತ ಸೇರಿಸಿ ಹೇಳಿ. ಅಪ್ಪನನ್ನೂ ಅಲ್ಲೇ ಕೂರಿಸಿಕೊಂಡು, ಇಷ್ಟು ತಿಂಗಳು ಇಷ್ಟೇ ಬರುತ್ತದೆ, ಸಂಘದ ಕಂತು ಹೇಗೆ ಕಟ್ಟೋಣ ಅಂತ ಲೆಕ್ಕ ಹಾಕಿ. ವಾರದಲ್ಲಿ ಒಂದೆರಡು ದಿನ ಹಳೆಯ ಟಾಟಾ ಏಸ್ ಬಾಡಿಗೆ ಸಿಗುವುದಾದರೆ ಅದನ್ನೂ ಬಿಡಬೇಡಿ, ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ.

ಗೊತ್ತಿರುವವರ ಜೊತೆ ಹಲವು ಸಲ ಘಟ್ಟ ಇಳಿದ ಮೇಲೂ, ಬಯಲು ರಸ್ತೆಯಲ್ಲೂ ಕೈ ನಡುಗುತ್ತಿದ್ದರೆ, ನಿದ್ದೆ ಹೀಗೇ ಕೆಟ್ಟಿದ್ದರೆ, ಆಗ ವೈದ್ಯರನ್ನು ಕಾಣಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ದಿನದ ಯಾವ ಹೊತ್ತಿನಲ್ಲೂ ಸಿಗುತ್ತದೆ, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸದ್ಯಕ್ಕೆ ನಿಮಗೆ ಅದರ ಅಗತ್ಯ ಬೀಳುತ್ತದೆ ಅಂತ ನನಗೆ ಅನ್ನಿಸುತ್ತಿಲ್ಲ. ಮಾಲೀಕರಿಗೆ ಉತ್ತರ ಕೊಡುವ ಮೊದಲು ಮಾಮನಿಗೆ ಒಂದು ಫೋನ್ ಮಾಡಿ, ಮುಂದಿನ ಲೋಡ್ ಯಾವಾಗ ಅಂತ ಕೇಳಿ.