ನಿಪ್ಪಲ್ ಚೀಪುವ ಮಗು, ಹಾಲುಹಲ್ಲಿನ ಚಿಂತೆ

ಪ್ರಶ್ನೆ: ಮಗಳಿಗೆ ಎರಡು ವರ್ಷ ಒಂಬತ್ತು ತಿಂಗಳು. ನಾವಿಬ್ಬರೂ ಕೆಲಸಕ್ಕೆ ಹೋಗುವುದರಿಂದ ಹಗಲು ಪಾಳಣಾಘರದಲ್ಲಿ (ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ) ಇರುತ್ತಾಳೆ. ಅಲ್ಲಾಗಲಿ ಮನೆಯಲ್ಲಾಗಲಿ ಬಾಯಲ್ಲಿ ಸದಾ ಖಾಲಿ ನಿಪ್ಪಲ್ ಬೇಕು. ಈಗ ಹಲ್ಲು ಕಚ್ಚಿದರೂ ಮುಂದುಗಡೆ ಸಂದಿ ಉಳಿಯುತ್ತದೆ. ಕ್ಲಿಪ್ ಹಾಕಿಸಬೇಕಾದೀತೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಕ್ಲಿಪ್ಪಿನ ಮಾತು ಈಗ ಬೇಡ. ಹಿಂದಿನ ಹಲ್ಲು ಕೂಡಿದಾಗಲೂ ಮುಂದಿನವು ಒಂದಕ್ಕೊಂದು ಮುಟ್ಟದಿರುವುದನ್ನು ‘ಓಪನ್ ಬೈಟ್’ ಎನ್ನುತ್ತಾರೆ. ಮೂರು ವರ್ಷದೊಳಗೆ ನಿಪ್ಪಲ್ ಬಿಡಿಸಿದರೆ ಹೆಚ್ಚಿನ ಮಕ್ಕಳಲ್ಲಿ ಆ ಸಂದಿ ಕೆಲವು ತಿಂಗಳಲ್ಲಿ ತಾನಾಗಿ ಕಡಿಮೆಯಾಗುತ್ತದೆ.

ಅದಕ್ಕಿಂತ ಮುಖ್ಯವಾಗಿ ದವಡೆ ಹಲ್ಲು ನೋಡಿ. ನಿಪ್ಪಲ್ ಇದ್ದಷ್ಟು ಹೊತ್ತೂ ನಾಲಿಗೆ ಅಂಗುಳಕ್ಕೆ ತಾಗದೆ ಕೆಳಗೇ ಇರುತ್ತದೆ. ಚೀಪುವಾಗ ಕೆನ್ನೆಯ ಸ್ನಾಯು ಹೊರಗಿನಿಂದ ಒತ್ತುತ್ತದೆ. ಒಳಗೆ ನಾಲಿಗೆಯ ಆಸರೆ ಇಲ್ಲದೆ ಮೇಲ್ದವಡೆ ಕಿರಿದಾಗುತ್ತ ಹೋಗುತ್ತದೆ. ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು, ಹಲ್ಲು ಕಚ್ಚಲು ಹೇಳಿ, ಕೆನ್ನೆಯನ್ನು ಬೆರಳಿನಿಂದ ಸರಿಸಿ ಎರಡೂ ಮಗ್ಗುಲು ನೋಡಿ. ಡಬ್ಬಿಯ ಮುಚ್ಚಳದ ಹಾಗೆ ಮೇಲಿನ ಹಲ್ಲು ಕೆಳಗಿನದಕ್ಕಿಂತ ತುಸು ಹೊರಗಿರಬೇಕು. ಒಳಗೆ ಸರಿದಿದ್ದರೆ ಅದು ‘ಕ್ರಾಸ್ ಬೈಟ್’. ಮುಂದಿನ ಸಂದಿಯಷ್ಟು ಸುಲಭವಾಗಿ ಇದು ಸರಿಹೋಗುವುದಿಲ್ಲ, ತಡಮಾಡದೆ ಮಕ್ಕಳ ದಂತವೈದ್ಯರಿಗೆ ತೋರಿಸಿ. ಮುಂಬೈ ಸೆಂಟ್ರಲ್‌ನ ನಾಯರ್ ದಂತ ಆಸ್ಪತ್ರೆಯಲ್ಲೂ ಸಿಎಸ್‌ಎಂಟಿ ರೈಲು ನಿಲ್ದಾಣದ ಹತ್ತಿರದ ಸರ್ಕಾರಿ ದಂತ ಕಾಲೇಜಿನಲ್ಲೂ ಇದಕ್ಕೆಂದೇ ವಿಭಾಗಗಳಿವೆ.

ಹಲ್ಲು ಸರಿಯುವುದಕ್ಕೆ ದಿನಕ್ಕೆ ಎಷ್ಟು ಗಂಟೆ, ಎಷ್ಟು ತಿಂಗಳು ಚೀಪಿತು ಎಂಬುದೇ ಕಾರಣ. ಆದ್ದರಿಂದ ಮೊದಲು ಗಂಟೆ ಇಳಿಸಿ. ಮೊದಲ ವಾರ ನಿದ್ದೆಗೆ ಮಾತ್ರ ಕೊಡಿ, ಆಟಕ್ಕೆ ಬೇಡ. ಎರಡನೇ ವಾರ ಮಧ್ಯಾಹ್ನದ ನಿದ್ದೆಗೂ ನಿಲ್ಲಿಸಿ; ರಾತ್ರಿ ಮಗು ನಿದ್ದೆ ಹೋಗಿ ತುಟಿ ಸಡಿಲವಾದ ಮೇಲೆ ಮೆಲ್ಲನೆ ತೆಗೆಯಿರಿ. ಮೂರನೇ ವಾರ ಪೂರ್ತಿ ನಿಲ್ಲಿಸಿ. ಪಾಳಣಾಘರದವರಿಗೆ ಇದೇ ಕ್ರಮವನ್ನು ಚೀಟಿಯಲ್ಲಿ ಬರೆದುಕೊಡಿ, ಇಲ್ಲವಾದರೆ ಮನೆಯಲ್ಲಿ ಪಟ್ಟ ಕಷ್ಟವೆಲ್ಲ ಅಲ್ಲಿ ನೀರಿನಲ್ಲಿ ಹೋಮ. ಕೆಲವು ರಾತ್ರಿ ಅಳುತ್ತಾಳೆ. ಎತ್ತಿಕೊಳ್ಳಿ, ತಟ್ಟಿ ಮಲಗಿಸಿ, ಆದರೆ ‘ಇದೊಂದು ದಿನ’ ಎಂದು ಮತ್ತೆ ಕೊಡಬೇಡಿ. ಜಾಸ್ತಿ ಅತ್ತರೆ ಸಿಗುತ್ತದೆ ಎಂದು ಕಲಿಯುತ್ತಾಳೆ. ಮೆಣಸಿನಪುಡಿ ಸವರುವುದು ಕ್ರೌರ್ಯ. ತುದಿ ಕತ್ತರಿಸಿ ಕೊಡುವುದೂ ಬೇಡ, ತುಂಡು ಕಿತ್ತು ಗಂಟಲಿಗೆ ಸಿಕ್ಕೀತು.

ಪ್ರಶ್ನೆ: ಮಗುವಿಗೆ ಏಳು ತಿಂಗಳು, ಕೆಳಗೆ ಎರಡು ಹಲ್ಲು ಬಂದಿವೆ. ಧಾರವಾಡದಿಂದ ಬಂದಿರುವ ಅತ್ತೆಯವರು ನಿಪ್ಪಲನ್ನು ಜೇನುತುಪ್ಪದಲ್ಲಿ ಅದ್ದಿ ಕೊಡುತ್ತಾರೆ. ಬೇಡ ಎಂದರೆ ಬೇಸರಪಡುತ್ತಾರೆ.
– ಓದುಗರೊಬ್ಬರು, ಕೋಥರೂಡ್, ಪುಣೆ

ಉತ್ತರ: ಬೇಸರವಾದರೂ ಇವತ್ತೇ ನಿಲ್ಲಿಸಿ. ವರ್ಷ ತುಂಬದ ಮಗುವಿಗೆ ಜೇನು ಹಲ್ಲಿಗಷ್ಟೇ ಅಲ್ಲ, ಜೀವಕ್ಕೂ ಅಪಾಯ. ಅದರಲ್ಲಿರಬಹುದಾದ ಬೊಟುಲಿಸಂ ಎಂಬ ಕಾಯಿಲೆಯ ಬೀಜಾಣು ಎಳೆಯ ಕರುಳಿನಲ್ಲಿ ಬೆಳೆದು ವಿಷ ಬಿಡುತ್ತದೆ. ಮಲಬದ್ಧತೆ, ಕ್ಷೀಣ ಅಳು, ಹಾಲು ಚೀಪಲು ಶಕ್ತಿ ಸಾಲದಿರುವುದು, ಕತ್ತು ನಿಲ್ಲದಿರುವುದು ಕಂಡರೆ ನೇರ ಆಸ್ಪತ್ರೆಗೆ ಹೋಗಿ. ಅತ್ತೆಯವರಿಗೆ ಮಕ್ಕಳ ಡಾಕ್ಟರ ಬಾಯಿಂದಲೇ ಹೇಳಿಸಿ, ಸೊಸೆಯ ಮಾತಿಗಿಂತ ಬೇಗ ನಾಟುತ್ತದೆ.

ಸಕ್ಕರೆ, ಬೆಲ್ಲ, ಸಿಹಿ ಸಿರಪ್ ಕೂಡ ಅದ್ದಬೇಡಿ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಸಿಹಿ ಹಲ್ಲಿಗೆ ಅಂಟಿಯೇ ಇರುತ್ತದೆ, ಬ್ಯಾಕ್ಟೀರಿಯಾ ಅದನ್ನು ಆಮ್ಲವಾಗಿಸುತ್ತವೆ. ಕೆಳಗಿನ ಹಲ್ಲಿಗೆ ನಾಲಿಗೆ, ಜೊಲ್ಲಿನ ರಕ್ಷಣೆ ಇದೆ. ಮೊದಲು ಹುಳುಕಾಗುವುದು ಮೇಲಿನ ಮುಂದಿನ ನಾಲ್ಕು. ಅವು ಬಂದ ಮೇಲೆ ತಿಂಗಳಿಗೊಮ್ಮೆ ತುಟಿ ಎತ್ತಿ ನೋಡಿ. ವಸಡಿನ ಅಂಚಿನಲ್ಲಿ ಸೀಮೆಸುಣ್ಣದಂಥ ಬಿಳಿ ಗೆರೆ ಕಂಡರೆ ಅದೇ ಮೊದಲ ಹಂತ. ದಂತವೈದ್ಯರಿಂದ ಫ್ಲೋರೈಡ್ ವಾರ್ನಿಷ್ (ಹಲ್ಲಿಗೆ ಬಳಿಯುವ ಲೇಪ) ಹಚ್ಚಿಸಿ, ಸಿಹಿ ನಿಲ್ಲಿಸಿದರೆ ಅಲ್ಲಿಗೇ ತಡೆಯಬಹುದು. ಕಂದು ಬಣ್ಣಕ್ಕೆ ತಿರುಗಿ ಕುಳಿ ಬಿದ್ದರೆ ತುಂಬಿಸಲೇಬೇಕು.

ಮೊದಲ ಹಲ್ಲು ಬಂದಾಗಿನಿಂದಲೇ ದಿನಕ್ಕೆರಡು ಸಲ ಬ್ರಷ್ ಮಾಡಿ. 1000 ಪಿಪಿಎಂ ಫ್ಲೋರೈಡ್ ಇರುವ ಪೇಸ್ಟ್, ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು. ಅಕ್ಕಿಕಾಳಿನಷ್ಟು ನುಂಗಿದರೂ ಹೊಟ್ಟೆಗೆ ಹೋಗುವ ಫ್ಲೋರೈಡ್ ಸುಮಾರು 0.1 ಮಿಲಿಗ್ರಾಂ, ಹೆದರಬೇಡಿ. ಕೆಳಗೆ ಬಿದ್ದ ನಿಪ್ಪಲನ್ನು ನೀವು ಚೀಪಿ ಕೊಡಬೇಡಿ. ಹುಳುಕಿನ ಬ್ಯಾಕ್ಟೀರಿಯಾ ನಿಮ್ಮ ಬಾಯಿಂದ ಮಗುವಿಗೆ ದಾಟುತ್ತವೆ.

ಪ್ರಶ್ನೆ: ಎರಡು ತಿಂಗಳ ಮಗುವಿಗೆ ನಿಪ್ಪಲ್ ಕೊಳ್ಳುವುದಾದರೆ ಎಂಥದ್ದು? ಇಲ್ಲಿ ಮಳೆಗಾಲದಲ್ಲಿ ಏನೂ ಒಣಗುವುದಿಲ್ಲ.
– ಓದುಗರೊಬ್ಬರು, ವಾಸ್ಕೋ, ಗೋವಾ

ಉತ್ತರ: ಎದೆಹಾಲು ಕುಡಿಯುವುದು ಚೆನ್ನಾಗಿ ರೂಢಿಯಾಗಿದ್ದರೆ ಕೊಡಬಹುದು. ಒಂದೇ ಅಚ್ಚಿನ ಸಿಲಿಕೋನ್ ಆಗಿರಲಿ, ತುಟಿಯ ಹೊರಗಿನ ತಟ್ಟೆ 38 ಮಿಲಿಮೀಟರಿಗಿಂತ ಅಗಲವಿದ್ದು ಗಾಳಿಗೆ ಎರಡು ತೂತಿರಲಿ. ಕೊರಳಿಗೆ ದಾರ ಕಟ್ಟಲೇಬೇಡಿ. ‘ಆರ್ಥೊಡಾಂಟಿಕ್’ (ಹಲ್ಲಿನ ಸಾಲಿಗೆ ತಕ್ಕದ್ದು) ಎಂದು ಬರೆದಿದ್ದರೂ ಹೆಚ್ಚು ಕಾಲ ಚೀಪಿದರೆ ಹಲ್ಲು ಸರಿಯುತ್ತದೆ. ಐದು ನಿಮಿಷ ಕುದಿಸಿ, ಒಳಗೆ ಸೇರಿದ ನೀರನ್ನು ಹಿಂಡಿ ತೆಗೆದು, ಫ್ಯಾನಿನ ಕೆಳಗೆ ಒಣಗಿಸಿ. ಒದ್ದೆಯಿದ್ದಾಗ ಡಬ್ಬಿಯಲ್ಲಿಟ್ಟರೆ ಬೂಸು ಬರುತ್ತದೆ. ಮೂರು ಇಟ್ಟುಕೊಂಡರೆ ಒಂದಾದರೂ ಒಣಗಿರುತ್ತದೆ. ಪ್ರತಿಸಲ ಕೊಡುವ ಮುಂಚೆ ತುದಿಯನ್ನು ಜೋರಾಗಿ ಎಳೆದು ನೋಡಿ. ಅಂಟಾಗಿದ್ದರೆ, ಸೀಳಿದ್ದರೆ ಎಸೆಯಿರಿ.