ವಾರಕ್ಕೆ ನಾಲ್ಕು ಸಲ ಬ್ರೆಡ್ ಮಾಡುವ ಮನೆಗೆ ಎಂಥ ಸ್ಟ್ಯಾಂಡ್ ಮಿಕ್ಸರ್?

ಅಡುಗೆಮನೆಯ ಯಂತ್ರಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು ಆರು ಜನರ ಮನೆ. ಎರಡು ವರ್ಷಗಳಿಂದ ಬ್ರೆಡ್ಡನ್ನು ಅಂಗಡಿಯಿಂದ ತರುವುದನ್ನು ಬಿಟ್ಟು, ವಾರಕ್ಕೆ ಮೂರು-ನಾಲ್ಕು ಸಲ ಮನೆಯಲ್ಲೇ ಮಾಡುತ್ತಿದ್ದೇನೆ. ಪ್ರತಿ ಸಲ 800 ಗ್ರಾಂ ಹಿಟ್ಟು ಬೇಕಾಗುತ್ತದೆ; ಅದರಲ್ಲಿ ಅರ್ಧ ಮೈದಾ, ಅರ್ಧ ಗೋಧಿ ಹಿಟ್ಟು. ಮಣಿಕಟ್ಟಿನ ನೋವಿನಿಂದಾಗಿ ಕೈಯಲ್ಲಿ ನಾದುವುದು ಕಷ್ಟವಾಯಿತೆಂದು, ಕಳೆದ ವರ್ಷ ಪೆಟ್ಟಿಗೆಯ ಮೇಲೆ 1,200 ವಾಟ್ ಎಂದು ಬರೆದಿದ್ದ ಒಂದು ಸ್ಟ್ಯಾಂಡ್ ಮಿಕ್ಸರ್ ಕೊಂಡೆ. ಎಂಟನೆಯ ತಿಂಗಳಿಗೆ ಸುಟ್ಟ ವಾಸನೆ ಬಂದು ನಿಂತುಹೋಯಿತು. ಒಳಗಿನ ಪ್ಲಾಸ್ಟಿಕ್ ಹಲ್ಲುಚಕ್ರ ಸವೆದಿದೆ, ಬಿಡಿಭಾಗ ಸಿಗುವುದಿಲ್ಲ ಎಂದು ರಿಪೇರಿಯವರು ಕೈಚೆಲ್ಲಿದರು. ಈ ಸಲ ಸ್ವಲ್ಪ ಹೆಚ್ಚು ಹಣ ಹಾಕಿಯಾದರೂ ಹತ್ತು ವರ್ಷ ಬಾಳುವಂಥದ್ದನ್ನು ತರಬೇಕೆಂದಿದ್ದೇನೆ. ಎಷ್ಟು ವಾಟ್‌ನದು ತೆಗೆದುಕೊಳ್ಳಲಿ?
— ಗೃಹಿಣಿ, ಶಿವಮೊಗ್ಗ

ಉತ್ತರ: ವಾಟ್‌ನ ಪ್ರಶ್ನೆಯನ್ನು ಮೊದಲು ಬದಿಗಿಡಿ ಎಂದು ಕೇಳಿಕೊಳ್ಳುತ್ತೇನೆ, ಹೋದ ಸಲ ನಿಮ್ಮನ್ನು ದಾರಿ ತಪ್ಪಿಸಿದ್ದು ಅದೇ ಸಂಖ್ಯೆ. ಪೆಟ್ಟಿಗೆಯ ಮೇಲಿನ ವಾಟ್ ಆ ಯಂತ್ರ ಗೋಡೆಯ ಪ್ಲಗ್ಗಿನಿಂದ ಎಷ್ಟು ವಿದ್ಯುತ್ತನ್ನು ಎಳೆದುಕೊಳ್ಳಬಲ್ಲದು ಎಂಬುದನ್ನಷ್ಟೇ ಹೇಳುತ್ತದೆ. ಅದರಲ್ಲಿ ಎಷ್ಟು ಶಕ್ತಿ ನಾದುವ ಕೊಕ್ಕೆಯನ್ನು ತಲುಪುತ್ತದೆ, ಎಷ್ಟು ಬರಿಯ ಶಾಖವಾಗಿ ವ್ಯರ್ಥವಾಗುತ್ತದೆ ಎಂಬುದು ಅದರಿಂದ ತಿಳಿಯುವುದಿಲ್ಲ. ಕಿಚನ್‌ಏಡ್ ಕಂಪನಿಯ ಪ್ರಸಿದ್ಧ ಆರ್ಟಿಸಾನ್ ಮಾದರಿಯ ಮೇಲೆ ಇರುವುದು 300 ವಾಟ್ ಮಾತ್ರ. ಆದರೂ ಅದು ಅನೇಕ ಮನೆಗಳಲ್ಲಿ ದಶಕಗಳ ಕಾಲ ಬಾಳಿದೆ. ನಿಮ್ಮ 1,200 ವಾಟ್ ಎಂಟು ತಿಂಗಳಿಗೆ ಮುಗಿಯಿತು.

ಇದಕ್ಕೆ ಕಾರಣ ಬ್ರೆಡ್ಡಿನ ಕೆಲಸದ ಸ್ವಭಾವದಲ್ಲಿದೆ. ಕೇಕಿಗೆ ಮೊಟ್ಟೆ ನೊರೆ ಬರಿಸುವಾಗ ಮೋಟಾರು ವೇಗವಾಗಿ ಓಡುತ್ತದೆ, ಆದರೆ ಅದರ ಮೇಲಿನ ಭಾರ ಹಗುರ. ಬ್ರೆಡ್ಡಿನ ಕಣಕ ನಾದುವಾಗ ಎಲ್ಲವೂ ತಿರುಗುಮುರುಗು: ವೇಗ ಕಡಿಮೆ, ಭಾರ ಹೆಚ್ಚು, ಅವಧಿಯೂ ಎಂಟು-ಹತ್ತು ನಿಮಿಷ. ಬಹುತೇಕ ಯಂತ್ರಗಳಲ್ಲಿ ಮೋಟಾರನ್ನು ತಂಪಾಗಿಡುವ ಫ್ಯಾನ್ ಮೋಟಾರಿನ ದಂಡಕ್ಕೇ ಕೂಡಿಸಿರುವುದರಿಂದ, ಮೋಟಾರು ನಿಧಾನವಾದಾಗ ಫ್ಯಾನೂ ನಿಧಾನವಾಗುತ್ತದೆ. ಶಾಖ ಅತಿ ಹೆಚ್ಚು ಹುಟ್ಟುವ ಹೊತ್ತಿನಲ್ಲೇ ಗಾಳಿ ಅತಿ ಕಡಿಮೆ ಬೀಸುತ್ತದೆ. ಕೇಕ್ ಮಾಡುವವರ ಮನೆಯಲ್ಲಿ ಚೆನ್ನಾಗಿ ನಡೆಯುತ್ತಿರುವ ಯಂತ್ರವೇ ಬ್ರೆಡ್ ಮಾಡುವವರ ಮನೆಯಲ್ಲಿ ವರ್ಷದೊಳಗೆ ಸುಟ್ಟುಹೋಗುವುದು ಹೀಗೆ. ಆದ್ದರಿಂದ ಅಂತರ್ಜಾಲದಲ್ಲಿ ಗ್ರಾಹಕರ ಅಭಿಪ್ರಾಯಗಳನ್ನು ಓದುವಾಗ, ಬರೆದವರು ಏನು ಮಾಡುತ್ತಾರೆ ಎಂಬುದನ್ನು ದಯವಿಟ್ಟು ಗಮನಿಸಿ. ಕೇಕಿಗಾಗಿ ಬಳಸಿದವರ ಹೊಗಳಿಕೆಯಿಂದ ನಿಮಗೆ ಪ್ರಯೋಜನವಿಲ್ಲ.

ಈಗ ನಿಮ್ಮ ಹಿಟ್ಟಿನ ಲೆಕ್ಕ ಹಾಕೋಣ. 800 ಗ್ರಾಂ ಹಿಟ್ಟಿಗೆ ಶೇಕಡಾ 65ರಷ್ಟು ನೀರೆಂದರೆ 520 ಗ್ರಾಂ. ಉಪ್ಪು, ಎಣ್ಣೆ, ಈಸ್ಟ್ ಸೇರಿದರೆ ಕಣಕದ ತೂಕ ಸುಮಾರು 1,350 ಗ್ರಾಂ ಆಗುತ್ತದೆ. ನಾಲ್ಕೂವರೆ-ಐದು ಲೀಟರಿನ ಬಟ್ಟಲಿನಲ್ಲಿ ಇದು ಹಿಡಿಯುತ್ತದೆ, ಆದರೆ ಪ್ರತಿ ಸಲವೂ ಯಂತ್ರ ತನ್ನ ಮಿತಿಯ ಅಂಚಿನಲ್ಲೇ ದುಡಿಯಬೇಕಾಗುತ್ತದೆ. ಅಪರೂಪಕ್ಕೊಮ್ಮೆಯಾದರೆ ಸರಿ, ವರ್ಷಕ್ಕೆ ನೂರೈವತ್ತು-ಇನ್ನೂರು ಸಲ ಹಾಗೆ ದುಡಿಸಿದರೆ ಯಾವ ಯಂತ್ರವೂ ಬೇಗ ಸವೆಯುತ್ತದೆ. ನಿಮಗೆ ಆರು ಲೀಟರ್ ಅಥವಾ ಅದಕ್ಕಿಂತ ದೊಡ್ಡ ಬಟ್ಟಲಿನದೇ ಬೇಕು. ಬಟ್ಟಲಿನ ಅಳತೆಗಿಂತಲೂ ಮುಖ್ಯವಾದದ್ದು ಕೈಪಿಡಿಯಲ್ಲಿ ಕೊಟ್ಟಿರುವ ಗರಿಷ್ಠ ಹಿಟ್ಟಿನ ತೂಕ. ಗೋಧಿ ಹಿಟ್ಟಿಗೆ ಬೇರೆ ಮಿತಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ, ಏಕೆಂದರೆ ತವುಡು ಸೇರಿದ ಹಿಟ್ಟಿನ ಕಣಕ ಮೈದಾದ ಕಣಕಕ್ಕಿಂತ ಗಟ್ಟಿ, ಮೋಟಾರಿಗೆ ಹೆಚ್ಚು ಭಾರ. ಆ ಮಿತಿಯ ಮೂರರಲ್ಲಿ ಎರಡು ಪಾಲಿನೊಳಗೆ ನಿಮ್ಮ 800 ಗ್ರಾಂ ಬಂದರೆ ನಿಶ್ಚಿಂತೆಯಿಂದ ಕೊಳ್ಳಬಹುದು.

ಅಂಗಡಿಯಲ್ಲಿ ಯಂತ್ರವನ್ನು ಮಗುಚಿ, ತಳದ ಲೇಬಲ್ಲನ್ನೂ ಓದಿ. ಕೆಲವು ಯಂತ್ರಗಳ ಮೇಲೆ ‘ಕೆಬಿ’ ಎಂಬ ಎರಡು ಇಂಗ್ಲಿಷ್ ಅಕ್ಷರಗಳ ಮುಂದೆ 5 ನಿಮಿಷ ಎಂದೋ 10 ನಿಮಿಷ ಎಂದೋ ಇರುತ್ತದೆ. ಅಷ್ಟು ಹೊತ್ತಿಗಿಂತ ಹೆಚ್ಚು ಸತತವಾಗಿ ಓಡಿಸಬಾರದು ಎಂಬುದು ತಯಾರಕರೇ ಕೊಟ್ಟಿರುವ ಎಚ್ಚರಿಕೆ. ಐದು ನಿಮಿಷದ ಯಂತ್ರ ನಿಮ್ಮ ಮನೆಗೆ ಹೊಂದುವುದಿಲ್ಲ.

ಮುಂದಿನದು ಹಲ್ಲುಚಕ್ರಗಳ ವಿಚಾರ. ಮೋಟಾರು ನಿಮಿಷಕ್ಕೆ ಸಾವಿರಾರು ಸುತ್ತು ಸುತ್ತುತ್ತದೆ, ಕೊಕ್ಕೆ ನೂರರ ಆಸುಪಾಸು; ನಡುವೆ ವೇಗವನ್ನು ಇಳಿಸಿ ಬಲವನ್ನು ಹೆಚ್ಚಿಸುವವು ಈ ಚಕ್ರಗಳು. ಇವು ಲೋಹದವಾಗಿರಬೇಕು. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಕೆಲವು ಒಳ್ಳೆಯ ಯಂತ್ರಗಳಲ್ಲಿ ಉದ್ದೇಶಪೂರ್ವಕವಾಗಿಯೇ ಒಂದು ಚಕ್ರವನ್ನು ಮಿಕ್ಕವಕ್ಕಿಂತ ಮೆತ್ತನೆಯ ವಸ್ತುವಿನಿಂದ ಮಾಡಿರುತ್ತಾರೆ. ಭಾರ ಮಿತಿಮೀರಿದಾಗ ಮೊದಲು ಆ ಚಕ್ರ ಮುರಿದು ಮೋಟಾರನ್ನು ಉಳಿಸುತ್ತದೆ. ಫ್ಯೂಸ್ ಹೋಗಿ ಮನೆಯ ವೈರಿಂಗ್ ಉಳಿಯುವಂತೆ. ಅಂಥ ಚಕ್ರವನ್ನು ಬದಲಿಸಿದರೆ ಯಂತ್ರ ಮತ್ತೆ ಮೊದಲಿನಂತಾಗುತ್ತದೆ. ನಿಮ್ಮ ಹಳೆಯ ಯಂತ್ರದ ದೋಷ ಚಕ್ರ ಸವೆದದ್ದಕ್ಕಿಂತಲೂ ಹೆಚ್ಚಾಗಿ ಬದಲಿ ಚಕ್ರ ಎಲ್ಲಿಯೂ ಸಿಗದಿದ್ದದ್ದು.

ನನ್ನ ಸಲಹೆಯ ತಿರುಳು ಇದೇ. ಹತ್ತು ವರ್ಷ ಬಾಳಬೇಕಾದರೆ ನಡುವೆ ಒಂದೆರಡು ಸಲ ರಿಪೇರಿ ಬಂದೇ ಬರುತ್ತದೆ. ಕಾರ್ಬನ್ ಬ್ರಷ್ (ಮೋಟಾರಿನ ತಿರುಗುವ ಭಾಗಕ್ಕೆ ವಿದ್ಯುತ್ತು ಮುಟ್ಟಿಸುವ ಸಣ್ಣ ಇಂಗಾಲದ ತುಂಡು) ಇರುವ ಮೋಟಾರಾದರೆ ಆ ಬ್ರಷ್‌ಗಳು ಸವೆಯಲೆಂದೇ ಇರುವಂಥವು. ಹಣ ಕೊಡುವ ಮೊದಲು ಕಂಪನಿಯ ಗ್ರಾಹಕ ಸೇವೆಗೆ ಕರೆ ಮಾಡಿ, ಶಿವಮೊಗ್ಗದಲ್ಲಿ ಅಥವಾ ಕನಿಷ್ಠ ಬೆಂಗಳೂರಿನಲ್ಲಿ ರಿಪೇರಿ ಕೇಂದ್ರವಿದೆಯೇ, ಈ ಮಾದರಿಯ ಗೇರ್ ಮತ್ತು ಬ್ರಷ್ ಬಿಡಿಯಾಗಿ ಎಷ್ಟು ಬೆಲೆಗೆ ಸಿಗುತ್ತವೆ, ಮನೆಯಲ್ಲಿ ಮಾಡಿದ ಬ್ರೆಡ್ಡನ್ನು ಮಾರಿದರೆ ವಾರಂಟಿ ಉಳಿಯುತ್ತದೆಯೇ ಎಂದು ಕೇಳಿ. ಗೇರಿನ ಬೆಲೆಯನ್ನು ತಕ್ಷಣ ಹೇಳಬಲ್ಲ ಕಂಪನಿ ಅದನ್ನು ದಾಸ್ತಾನಿಟ್ಟಿರುವ ಸಂಭವ ಹೆಚ್ಚು. ಉತ್ತರ ತಡವರಿಸಿದರೆ, ಯಂತ್ರ ಎಷ್ಟೇ ಚೆಂದವಾಗಿರಲಿ, ಬಿಟ್ಟುಬಿಡಿ.

ವಿನ್ಯಾಸದಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಯಂತ್ರದ ತಲೆಯನ್ನು ಹಿಂದಕ್ಕೆ ಬಾಗಿಸಿ ಬಟ್ಟಲು ತೆಗೆಯುತ್ತೇವೆ. ಇನ್ನೊಂದರಲ್ಲಿ ತಲೆ ಸ್ಥಿರವಾಗಿದ್ದು, ಬಟ್ಟಲನ್ನೇ ಒಂದು ಸನ್ನೆಯಿಂದ ಮೇಲೆತ್ತುತ್ತೇವೆ. ಗಟ್ಟಿ ಕಣಕ ಕೊಕ್ಕೆಗೆ ಸುತ್ತಿಕೊಂಡು ಎಳೆದಾಗ ಬಾಗುವ ತಲೆ ಪ್ರತಿ ಸುತ್ತಿಗೂ ಸ್ವಲ್ಪ ಎಗರುತ್ತದೆ, ಕಾಲಕ್ರಮೇಣ ಅದರ ಕೀಲು ಸಡಿಲವಾಗುತ್ತದೆ. ನೀವು ಮಾಡುವಷ್ಟು ಬ್ರೆಡ್ಡಿಗೆ ಬಟ್ಟಲು ಮೇಲೇರುವ ಬಗೆಯೇ ಮೇಲು. ಬಾಗುವ ತಲೆಯದನ್ನೇ ಕೊಳ್ಳುವುದಾದರೆ ತಲೆಯನ್ನು ಬೀಗ ಹಾಕಿದ ಮೇಲೆ ಕೈಯಿಂದ ಎತ್ತಿ ನೋಡಿ. ಹೊಸದರಲ್ಲೇ ಅಲುಗಾಡಿದರೆ ಬೇಡ.

ಮೂರನೆಯ ಬಗೆಯೂ ಇದೆ, ಬ್ರೆಡ್ಡಿನ ಮಟ್ಟಿಗೆ ನನಗೆ ತುಂಬ ಮೆಚ್ಚಿಕೆಯಾದದ್ದು. ಸ್ವೀಡನ್ನಿನಲ್ಲಿ 1940ರಲ್ಲಿ ಬಂದ, ಈಗ ಅಂಕರ್ಸ್ರುಮ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಯಂತ್ರದಲ್ಲಿ ಮೋಟಾರು ಕೆಳಗಿದ್ದು, ಬಟ್ಟಲೇ ತಿರುಗುತ್ತದೆ. ಒಂದು ಉರುಳೆ ಕಣಕವನ್ನು ಅಂಚಿಗೆ ಒತ್ತುತ್ತಾ ನಾದುತ್ತದೆ. ಕಲ್ಲು ತಿರುಗುವ ನಮ್ಮ ಗ್ರೈಂಡರನ್ನು ಕಂಡವರಿಗೆ ಇದರ ತರ್ಕ ಕೂಡಲೇ ಹೊಳೆಯುತ್ತದೆ. ಆದರೆ ಮೇಲೆ ಹೇಳಿದ ರಿಪೇರಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ, ದೂರದಿಂದ ಬಿಡಿಭಾಗ ತರಿಸಬೇಕಾದ ಯಾವುದನ್ನೂ, ಇದನ್ನೂ ಸೇರಿಸಿ, ನಿಮಗೆ ಸೂಚಿಸಲಾರೆ.

ಕೊಂಡ ಮೇಲೆ ಯಂತ್ರದ ಆಯುಷ್ಯ ನಿಮ್ಮ ಕೈಯಲ್ಲಿದೆ. ನಾದುವ ವೇಗ ಎರಡನೆಯದನ್ನು ದಾಟಬಾರದು; ಕಿಚನ್‌ಏಡ್‌ನ ಕೈಪಿಡಿಯೂ ಹಾಗೆಯೇ ಹೇಳುತ್ತದೆ. ಹಿಟ್ಟು, ನೀರು ಎರಡನ್ನೇ ಮೊದಲು ಒಂದು ನಿಮಿಷ ಬೆರೆಸಿ, ಮುಚ್ಚಿ, ಅರ್ಧ ಗಂಟೆ ಬಿಡಿ. ಫ್ರಾನ್ಸಿನ ಬ್ರೆಡ್ ತಜ್ಞ ರೇಮೊಂ ಕಾಲ್ವೆಲ್ ಅವರು ಬಳಕೆಗೆ ತಂದ ಕ್ರಮವಿದು. ಹೋಳಿಗೆಯ ಕಣಕವನ್ನು ನೆನೆಯಲು ಬಿಡುವ ನಮ್ಮ ಮನೆಗಳಿಗೆ ಇದು ಹೊಸತೇನಲ್ಲ. ಹಿಟ್ಟು ನೀರನ್ನು ಹೀರಿಕೊಂಡು ಅಂಟು ತಾನಾಗಿಯೇ ಕೂಡಿಕೊಳ್ಳುವುದರಿಂದ, ಆಮೇಲೆ ಈಸ್ಟ್, ಉಪ್ಪು ಸೇರಿಸಿ ನಾಲ್ಕೈದು ನಿಮಿಷ ನಾದಿದರೆ ಸಾಕು. ಯಂತ್ರದ ದುಡಿಮೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಯಂತ್ರ ನಾದುವಾಗ ಕಣಕ ಬಿಸಿಯಾಗುತ್ತದೆ ಎಂಬುದನ್ನೂ ಮರೆಯಬೇಡಿ. ನಾದಿ ಮುಗಿಸಿದಾಗ ಕಣಕ 26 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಚೆನ್ನ. ಬೇಕರಿಯವರು ಇದಕ್ಕೆ ಒಂದು ಸರಳ ಲೆಕ್ಕ ಹಾಕುತ್ತಾರೆ: 26ನ್ನು ಮೂರರಿಂದ ಗುಣಿಸಿ, ಅದರಲ್ಲಿ ಹಿಟ್ಟಿನ ಉಷ್ಣತೆ, ಕೋಣೆಯ ಉಷ್ಣತೆ, ತಿಕ್ಕಾಟದಿಂದ ಏರುವ ಉಷ್ಣತೆ ಮೂರನ್ನೂ ಕಳೆದರೆ ನೀರು ಎಷ್ಟು ತಣ್ಣಗಿರಬೇಕೆಂದು ತಿಳಿಯುತ್ತದೆ. ಏಪ್ರಿಲ್ ತಿಂಗಳಲ್ಲಿ ಹಿಟ್ಟು 29, ಕೋಣೆ 30, ತಿಕ್ಕಾಟಕ್ಕೆ 12 ಎಂದಿಟ್ಟುಕೊಂಡರೆ 78ರಲ್ಲಿ 71 ಕಳೆದು ಉಳಿಯುವುದು 7. ಅಂದರೆ ಫ್ರಿಜ್ಜಿನ ನೀರೇ ಬೇಕು. ಬೇಸಿಗೆಯಲ್ಲಿ ಬ್ರೆಡ್ ಹುಳಿಯಾಗಿ ಜರಡಿಯಂತಾಯಿತೆಂದು ಯಂತ್ರವನ್ನು ದೂರುವವರಲ್ಲಿ ಅನೇಕರು ಬಿಸಿನೀರು ಹಾಕಿರುತ್ತಾರೆ.

ನಾದುತ್ತಿರುವ ಯಂತ್ರವನ್ನು ಬಿಟ್ಟು ಅತ್ತಿತ್ತ ಹೋಗಬೇಡಿ. ನನ್ನ ಮೊದಲ ಯಂತ್ರ, ಹಾಲು ಉಕ್ಕಿತೆಂದು ನಾನು ಒಲೆಯ ಕಡೆಗೆ ತಿರುಗಿದಷ್ಟರಲ್ಲಿ ಕಟ್ಟೆಯ ಮೇಲೆ ಜರುಗುತ್ತಾ ಹೋಗಿ ನೆಲಕ್ಕೆ ಬಿತ್ತು.

ಪ್ರಶ್ನೆ: ಮಗ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾನೆ. ಅಲ್ಲಿ ಸ್ಟ್ಯಾಂಡ್ ಮಿಕ್ಸರ್ ಅಗ್ಗವೆಂದು, ಬರುವಾಗ ತರುತ್ತೇನೆ ಎನ್ನುತ್ತಿದ್ದಾನೆ. ತರಿಸಿಕೊಳ್ಳಬಹುದೇ?
— ನಿವೃತ್ತ ಶಿಕ್ಷಕಿ, ಧಾರವಾಡ

ಉತ್ತರ: ಬೇಡವೆನ್ನುವುದೇ ನನ್ನ ಅಭಿಪ್ರಾಯ. ಅಲ್ಲಿನ ವಿದ್ಯುತ್ತು 120 ವೋಲ್ಟ್, ನಮ್ಮದು 230. ಪ್ಲಗ್ಗಿನ ಪಿನ್ನು ಬದಲಿಸುವ ಅಡಾಪ್ಟರ್ ಹಾಕಿ ನೇರವಾಗಿ ಚಾಲೂ ಮಾಡಿದರೆ ಯಂತ್ರ ಸುಟ್ಟುಹೋಗುತ್ತದೆ. ವೋಲ್ಟೇಜು ಇಳಿಸುವ ಟ್ರಾನ್ಸ್‌ಫಾರ್ಮರ್ ಇಟ್ಟು ನಡೆಸಬಹುದು, ಆದರೆ ಅದು ಯಂತ್ರದ ವಾಟ್‌ಗಿಂತ ಎರಡು-ಮೂರು ಪಟ್ಟು ಸಾಮರ್ಥ್ಯದ್ದಾಗಿರಬೇಕು. ಕಟ್ಟೆಯ ಮೇಲೆ ಅದಕ್ಕೂ ಜಾಗ ಬೇಕು. ವಾರಂಟಿ ಸಾಮಾನ್ಯವಾಗಿ ಕೊಂಡ ದೇಶದಲ್ಲಷ್ಟೇ ನಡೆಯುತ್ತದೆ. ಹತ್ತು ಕೆಜಿಗೂ ಮೀರಿದ ಯಂತ್ರವನ್ನು ವಿಮಾನದಲ್ಲಿ ಹೊತ್ತು ತಂದು, ಇಲ್ಲಿ ರಿಪೇರಿಗೆ ಯಾರೂ ಇಲ್ಲದಂತಾದರೆ ಉಳಿಸಿದ ಹಣ ಉಳಿಯುವುದಿಲ್ಲ. ಇಲ್ಲಿಯೇ ಕೊಂಡು, ಅದರ ಮುಂಭಾಗಕ್ಕೆ ಸಿಕ್ಕಿಸುವ, ವಿದ್ಯುತ್ ಸಂಪರ್ಕವಿಲ್ಲದ ಜೋಡಣೆಗಳು ಬೇಕಿದ್ದರೆ ಮಾದರಿಗೆ ಹೊಂದುತ್ತವೆಯೇ ಎಂದು ನೋಡಿ, ಅವನ್ನಷ್ಟೇ ಮಗನಿಂದ ತರಿಸಿಕೊಳ್ಳಿ.

ಪ್ರಶ್ನೆ: ನಾಲ್ಕು ತಿಂಗಳು ಬಳಸದೆ ಇಟ್ಟಿದ್ದ ಮಿಕ್ಸರಿನ ಕೊಕ್ಕೆಯ ಬುಡದಿಂದ ಕಣಕಕ್ಕೆ ಎಣ್ಣೆ ತೊಟ್ಟಿಕ್ಕುತ್ತಿದೆ. ಕೆಟ್ಟುಹೋಯಿತೇ?
— ಓದುಗರು, ಪುತ್ತೂರು

ಉತ್ತರ: ಇಲ್ಲ. ಗೇರಿನ ಪೆಟ್ಟಿಗೆಯಲ್ಲಿ ತುಂಬಿರುವ ಗ್ರೀಸ್ ಬಹುಕಾಲ ಅಲುಗದೆ ಇದ್ದರೆ, ಅದರಲ್ಲೂ ಸೆಖೆಯಲ್ಲಿ, ಅದರೊಳಗಿನ ಎಣ್ಣೆ ಬೇರ್ಪಟ್ಟು ಕೆಳಗೆ ಇಳಿಯುತ್ತದೆ. ಎಣ್ಣೆ ಬಿದ್ದ ಕಣಕವನ್ನು ಬಳಸಬೇಡಿ. ಯಂತ್ರವನ್ನು ಒರೆಸಿ, ಬರಿದಾಗಿ ಕೆಲವು ನಿಮಿಷ ಓಡಿಸಿ ಮತ್ತೆ ಒರೆಸಿ. ಆಮೇಲೂ ತೊಟ್ಟಿಕ್ಕಿದರೆ, ಹಳೆಯ ಗ್ರೀಸನ್ನು ಪೂರ್ತಿ ತೆಗೆದು, ಆಹಾರ ಯಂತ್ರಗಳಿಗೆಂದೇ ಇರುವ ಗ್ರೀಸನ್ನು ತುಂಬಿಸಬೇಕು. ವಾಹನಗಳ ಗ್ರೀಸನ್ನು ಖಂಡಿತ ಹಾಕಿಸಬೇಡಿ. ಬ್ರೆಡ್ ಮಾಡದ ತಿಂಗಳುಗಳಲ್ಲಿಯೂ ಹದಿನೈದು ದಿನಕ್ಕೊಮ್ಮೆ ಯಂತ್ರವನ್ನು ಬರಿದಾಗಿ ಎರಡು ನಿಮಿಷ ಓಡಿಸುತ್ತಿದ್ದರೆ ಗ್ರೀಸ್ ಹದವಾಗಿ ಬೆರೆತುಕೊಂಡಿರುತ್ತದೆ.